ಸೂರ್ಯವೀಕ್ಷಣೆಗೆ ತಕ್ಕ ನೇತ್ರಕ ಯಾವುದು?



2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡು ಸೀಮೆಯಲ್ಲಿ ಕಂಕಣ ಸೂರ್ಯಗ್ರಹಣ ಗೋಚರವಾಯಿತು. ಅಂಥ ದಿನಗಳಲ್ಲಿ ದೂರದರ್ಶಕವುಳ್ಳ ಮನೆಯ ಮಕ್ಕಳಿಗೆ ಅದನ್ನು ಸೂರ್ಯನ ಕಡೆಗೆ ತಿರುಗಿಸುವ ಆಸೆ ಸಹಜ. ಆದುದರಿಂದ ಅದರ ಒಂದು ಸಣ್ಣ ಅಂಗದ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನಾಡಲು ಬಯಸುತ್ತೇವೆ.

ದೂರದರ್ಶಕದ ಮುಂಭಾಗದ ದೊಡ್ಡ ಮಸೂರವೇ ವಸ್ತುಕ. ಕಣ್ಣಿನ ಬದಿಯಲ್ಲಿ ಸೇರಿಸುವ ಪುಟ್ಟ ಕೊಳವೆ ನೇತ್ರಕ. ಅಂಗಡಿಯವರು ಅದನ್ನು ಐಪೀಸ್ ಎನ್ನುವರು. 60 ಮಿಲಿಮೀಟರ್ ಅಗಲದ ವಸ್ತುಕವು, 3 ಮಿಲಿಮೀಟರ್ ಅಗಲದ ನಮ್ಮ ಕಣ್ಣಿನ ಪಾಪೆಗಿಂತ 400 ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲ. ಅದು ಸುಟ್ಟರೂ ಮಗುವು ಕೂಗಿಕೊಳ್ಳದು. ಗ್ರಹಣವನ್ನು ಸಗಣಿನೀರಿನ ಪಾತ್ರೆಯಲ್ಲಿ ನೋಡುತ್ತಿದ್ದ ಅಜ್ಜಿಯರ ಅಂಜಿಕೆ ಹುರುಳಿಲ್ಲದುದಲ್ಲ, ಆ ಉಪಾಯವು ಸಾಲದಾದರೂ!

ಸುರಕ್ಷಿತವಾದ ಹಳೆಯ ಮಾರ್ಗವೊಂದುಂಟು. ಗೆಲಿಲಿಯೋ 1612ರಲ್ಲಿ, ತನ್ನ ಶಿಷ್ಯ ಕಾಸ್ಟೆಲ್ಲಿಯು ತೋರಿದ ಕ್ರಮದಿಂದ, ಸೂರ್ಯಬಿಂಬವನ್ನು ಕಾಗದದ ಮೇಲೆ ಬೀಳಿಸಿ ಸೌರಕಲೆಗಳನ್ನು ಚಿತ್ರಿಸಿದನು. ಇಲ್ಲಿ ಕಣ್ಣು ನೇತ್ರಕದ ಬಳಿಗೇ ಹೋಗದು. ಆದರೆ ಶಾಖವೆಲ್ಲವೂ ನೇತ್ರಕದ ಮೂಲಕ ಹಾಯುವುದರಿಂದ ಅದರ ಆಯ್ಕೆಯಲ್ಲಿ ವಿವೇಕ ಬೇಕು.

17ನೆಯ ಶತಮಾನದ ಹೈಗೆನ್ಸ್ ನೇತ್ರಕದಲ್ಲಿ ಇರುವುದು ಎರಡೇ ಮಸೂರ. ನಡುವೆ ಬರಿಯ ಗಾಳಿ. 1849ರ ಕೆಲ್ನರ್, 1860ರ ಪ್ಲೋಸಲ್, 1880ರ ಅಬ್ಬೆಯ ಆರ್ಥೋಸ್ಕೋಪಿಕ್ ಇವುಗಳಲ್ಲಿ ಮಸೂರಗಳನ್ನು ಅಂಟಿನಿಂದ ಜೋಡಿಸಿರುತ್ತಾರೆ. ರಾತ್ರಿಯ ಆಕಾಶಕ್ಕೆ ಇವು ಹೈಗೆನ್ಸನಿಗಿಂತ ಎಷ್ಟೋ ಮೇಲು. ಆದರೆ ಬಿಂಬ ಬೀಳಿಸುವಾಗ ಶಾಖದಿಂದ ಅಂಟು ಕೆಟ್ಟು, ಬೆಲೆಬಾಳುವ ನೇತ್ರಕವೇ ಹಾಳಾದೀತು. ಆದುದರಿಂದ ಅಂಟಿಲ್ಲದ ಅಗ್ಗದ ಹೈಗೆನ್ಸನೇ ಈ ಕೆಲಸಕ್ಕೆ ಉತ್ತಮನೆಂದು ನಮ್ಮ ಅಭಿಪ್ರಾಯ. ಅದರ ಕೊಳವೆ ಮಾತ್ರ ಲೋಹದ್ದಾಗಿರಲಿ, ಪ್ಲಾಸ್ಟಿಕ್ ಕರಗುತ್ತದೆ.

ಇನ್ನು ಸಂಗಮದೂರ. 900 ಮಿಲಿಮೀಟರ್ ಸಂಗಮದೂರದ ವಸ್ತುಕವು ಸುಮಾರು 8.4 ಮಿಲಿಮೀಟರ್ ಅಗಲದ ಸೂರ್ಯಬಿಂಬವನ್ನು ಉಂಟುಮಾಡುತ್ತದೆ. 25 ಮಿಲಿಮೀಟರ್ ನೇತ್ರಕವನ್ನಿಟ್ಟು ಅದರಿಂದ 30 ಸೆಂಟಿಮೀಟರ್ ದೂರದಲ್ಲಿ ಬಿಳಿಯ ರಟ್ಟನ್ನು ಹಿಡಿದರೆ, 9 ಸೆಂಟಿಮೀಟರಿಗಿಂತ ತುಸು ದೊಡ್ಡ, ಉಜ್ಜ್ವಲವಾದ ಬಿಂಬ ಮೂಡುವುದು. 10 ಮಿಲಿಮೀಟರಿನದಾದರೆ ಬಿಂಬವು 24 ಸೆಂಟಿಮೀಟರಿಗೆ ಹಿಗ್ಗುವ ಲೆಕ್ಕ. ಆದರೆ ಬೆಳಕು ಏಳರಲ್ಲೊಂದು ಪಾಲಿಗೆ ಇಳಿಯುವುದು. ಹೈಗೆನ್ಸನ ಕಿರಿದಾದ ನೋಟದಲ್ಲಿ ಪೂರ್ಣ ಸೂರ್ಯನು ಹಿಡಿಸುವುದೂ ಇಲ್ಲ. ಮೊದಲು 25ರದನ್ನೇ ಬಳಸಿರಿ. ಕನ್ನಡಿಯ ದೂರದರ್ಶಕಗಳನ್ನು ಇದಕ್ಕೆ ತೊಡಗಿಸಬೇಡಿರಿ.

ಕೆಲವು ಹಳೆಯ ದೂರದರ್ಶಕಗಳೊಡನೆ ನೇತ್ರಕಕ್ಕೆ ತಿರುಪುವ ಕಪ್ಪು ಗಾಜೊಂದು ಬರುತ್ತಿತ್ತು. ಮನೆಯಲ್ಲಿ ಅದಿದ್ದರೆ ಇಂದೇ ಒಡೆದು ಎಸೆಯಿರಿ. ಶಾಖ ಒಂದೆಡೆ ಕೂಡುವ ಜಾಗದಲ್ಲೇ ಅದಿರುವುದರಿಂದ ಯಾವ ಕ್ಷಣದಲ್ಲಾದರೂ ಸೀಳೀತು. ಆಗ ಕಣ್ಣು ಅದರ ಹಿಂದೆಯೇ ಇರುತ್ತದಲ್ಲವೇ? ನೇರವಾಗಿಯೇ ನೋಡಬೇಕೆಂಬವರು ಸೂರ್ಯವೀಕ್ಷಣೆಗೆಂದೇ ತಯಾರಾದ ಸೋಸುಹಾಳೆಯನ್ನು ವಸ್ತುಕದ ಮುಂದೆ, ಗಾಳಿಗೆ ಕಳಚದಂತೆ, ಭದ್ರವಾಗಿ ಕೂರಿಸಬೇಕು. ಹಾಳೆಯಲ್ಲಿ ತೂತಾಗಲಿ ಗೀರಾಗಲಿ ಇರಕೂಡದು. ಆಗ ಶಾಖವು ಒಳಹೊಗುವುದೇ ಇಲ್ಲವಾಗಿ ಪ್ಲೋಸಲ್ ಆರ್ಥೋಸ್ಕೋಪಿಕ್‌ಗಳು ತಮ್ಮ ಹಿರಿಮೆಯನ್ನು ಮೆರೆಯುತ್ತವೆ. ಕಲೆಯ ಕಪ್ಪು ನಡುವನ್ನೂ ಸುತ್ತಲಿನ ಬೂದು ಅಂಚನ್ನೂ ಬೇರೆ ಬೇರೆಯಾಗಿ ಕಾಣಬಹುದು.

ಎರಡು ಕ್ರಮಗಳಲ್ಲೂ ದೂರದರ್ಶಕದ ಮೇಲಿನ ಸಣ್ಣ ಗುರಿನಳಿಗೆಗೆ ಮುಚ್ಚಳ ಹಾಕಿರಬೇಕು. ಸೂರ್ಯನತ್ತ ತಿರುಗಿದ ಯಂತ್ರವನ್ನು ಹಿರಿಯರಿಲ್ಲದೆ ಬಿಟ್ಟು ಹೋಗಕೂಡದು. ದಿನವೂ ಒಂದೇ ಹೊತ್ತಿಗೆ ರಟ್ಟಿನ ಮೇಲೆ ಕಾಗದವಿಟ್ಟು ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿರಿ. ಎರಡೇ ನಿಮಿಷದಲ್ಲಿ ಬಿಂಬವು ತನ್ನ ಅಗಲದಷ್ಟು ಸರಿಯುವುದರಿಂದ ಕೈ ಚುರುಕಾಗಿರಲಿ. ವಾರದೊಳಗೆ ಕಲೆಗಳು ಸೂರ್ಯನೊಡನೆ ತಿರುಗಿ ಸ್ಥಳ ಬದಲಿಸಿದುದು ನಿಮ್ಮ ಕಾಗದದಲ್ಲಿಯೇ ಕಾಣುವುದು.