ಕುರ್ಬಾನಿ: ಅರ್ಥ ಮತ್ತು ಉದ್ದೇಶ



ಬೆಳಗಾವಿ, ಖಾನಾಪುರಗಳಲ್ಲಿ ಬಕ್ರೀದ್ ಹಬ್ಬವನ್ನು ನೀವು ಕಂಡಿದ್ದೀರಿ. ಮೊದಲು ನಮಾಜು, ಆಮೇಲೆ ಕುರ್ಬಾನಿ. ಈ ಪದದ ಅರಬ್ಬೀ ಮೂಲಕ್ಕೆ ‘ಸಾಮೀಪ್ಯ’ ಎಂಬ ಅರ್ಥವಿದೆ. ಪ್ರವಾದಿ ಇಬ್ರಾಹಿಮರು ದೇವರ ಆಜ್ಞೆಯೆಂದು ಮಗನನ್ನೇ ಅರ್ಪಿಸಲು ಸಿದ್ಧರಾದರು. ಮಗ ಉಳಿದ, ಅವನ ಬದಲು ಟಗರು ಬಲಿಯಾಯಿತು. ಅದರ ನೆನಪೇ ಈ ಆಚರಣೆ.

ಹಾಗಾದರೆ ದೇವರಿಗೆ ಮಾಂಸ ಬೇಕೇ? ಬೇಡ. ಮಾಂಸವಾಗಲಿ ರಕ್ತವಾಗಲಿ ದೇವರನ್ನು ತಲುಪದು, ತಲುಪುವುದು ಭಕ್ತಿಯೊಂದೇ ಎಂಬುದು ಕುರ್‌ಆನಿನ 22ನೇ ಅಧ್ಯಾಯದ ಆಶಯ.

ನಿಯಮಗಳೂ ಇದನ್ನೇ ಹೇಳುತ್ತವೆ. ಕುಂಟು, ಕುರುಡು, ರೋಗದ ಪ್ರಾಣಿ ಸಲ್ಲದು. ಬೇಡವಾದುದನ್ನು ಕೊಡುವುದು ತ್ಯಾಗವಲ್ಲ. ಪ್ರಾಣಿಯ ಎದುರು ಕತ್ತಿ ಮಸೆಯಬಾರದು. ಮಾಂಸವನ್ನು ವಾಡಿಕೆಯಂತೆ ಮೂರು ಪಾಲು ಮಾಡುತ್ತಾರೆ: ಮನೆಗೊಂದು, ಬಂಧುಮಿತ್ರರಿಗೊಂದು, ಬಡವರಿಗೊಂದು. ಕಟುಕರ ಕೂಲಿಯನ್ನು ಮಾಂಸದಿಂದಲೋ ಚರ್ಮದಿಂದಲೋ ತೀರಿಸುವಂತಿಲ್ಲ. ಬೇರೆ ಹಣ ಕೊಡಬೇಕು. ಚರ್ಮ ಮಾರಿದರೆ ಆ ಹಣ ದಾನಕ್ಕೆ. ಅರ್ಪಿಸಿದ ವಸ್ತುವಿನಿಂದ ಲಾಭ ಪಡೆಯಬಾರದೆಂಬುದೇ ಇದರ ತಿರುಳು.

ಇದಕ್ಕೆ ಒಂದು ಜೀವ ಹೋಗಬೇಕೇ ಎಂದು ನೀವು ಕೇಳಬಹುದು. ಕೇಳುವುದು ತಪ್ಪಲ್ಲ. ಹಬ್ಬಕ್ಕೆ ತಂದ ಹರಕೆಯ ಕುರಿಗಾಗಿ ಬಸವಣ್ಣನವರು 12ನೇ ಶತಮಾನದಲ್ಲೇ ಮರುಗಿದ್ದರು. ಆದರೆ ನೆರೆಯವರ ಆಚರಣೆಯ ಅರ್ಥ ತಿಳಿದು ಕೇಳಿದಾಗ ಪ್ರಶ್ನೆ ಜಗಳವಾಗದೆ ಮಾತುಕತೆಯಾಗುತ್ತದೆ. ಆಚರಿಸುವವರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದುದೊಂದಿದೆ. ಬೆಳಗಾವಿಯ ಗಲ್ಲಿಯಲ್ಲಾಗಲಿ ಖಾನಾಪುರದ ಹಳ್ಳಿಯಲ್ಲಾಗಲಿ, ಬಡವರ ಪಾಲು ಬಡವರ ಒಲೆಗೆ ತಲುಪಿತೇ? ತಲುಪದಿದ್ದರೆ ಕುರ್ಬಾನಿಯ ಉದ್ದೇಶ ಅರ್ಧಕ್ಕೇ ನಿಂತಂತೆ.