ಕತ್ತಿ ಹಿಡಿದ ನಗೆ

ಮೆಚ್ಚಿದ ಕಾದಂಬರಿಯೊಂದು ಚಲನಚಿತ್ರವಾದಾಗ ಓದುಗರು ಮುನಿಸಿಕೊಳ್ಳುವುದು ಹೊಸತೇನಲ್ಲ. ವೀರರ ಕಥೆಯನ್ನು ನಗೆಗೆ ಒಪ್ಪಿಸಿದರಂತೂ ಕೇಳುವುದೇ ಬೇಡ! ಫ್ರಾನ್ಸಿನ ಅಲೆಕ್ಸಾಂದ್ರ್ ಡೂಮಾ 1844ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ತ್ರೀ ಮಸ್ಕಿಟಿಯರ್ಸ್' ಕಾದಂಬರಿಯನ್ನು ರಿಚರ್ಡ್ ಲೆಸ್ಟರ್ 1973ರಲ್ಲಿ ತೆರೆಗೆ ತಂದ. ಅದನ್ನು ನೋಡಿದರೆ, ಇದು ವೀರಕಥೆಯೋ ವಿದೂಷಕರ ಆಟವೋ ಎಂಬ ಶಂಕೆ ನಿಮಗೆ ಬಂದೀತು. ನನಗೂ ಬಂದಿತ್ತು. ಮೂಲವನ್ನು ಮತ್ತೆ ತೆರೆದ ಮೇಲೆ ಅದು ಉಳಿಯಲಿಲ್ಲ.

ಡೂಮಾನ ನಾಯಕ ದಾರ್ತಾನ್ಯಾನ್ ಪ್ಯಾರಿಸ್ಸಿಗೆ ಹೊರಡುವುದು ಯಾವ ಕುದುರೆಯ ಮೇಲೆ ಬಲ್ಲಿರಾ? ಕಂಡವರೆಲ್ಲ ನಗುವಂಥ ಹಳದಿ ಬಣ್ಣದ ಮುದಿ ಕುದುರೆಯ ಮೇಲೆ. ಅದನ್ನು ಎಂದಿಗೂ ಮಾರಕೂಡದೆಂದು ತಂದೆ ಹೇಳಿ ಕಳುಹಿಸುತ್ತಾನೆ. ಮಗರಾಯ ಪ್ಯಾರಿಸ್ ಮುಟ್ಟಿದೊಡನೆ ಮಾರಿಬಿಡುತ್ತಾನೆ. ಆಮೇಲೆ ಒಂದೇ ದಿನ ಮೂವರು ಭಟರೊಡನೆ ಜಗಳ! ಆಥೋಸನೊಡನೆ ಹನ್ನೆರಡು ಗಂಟೆಗೆ, ಪೋರ್ತೋಸನೊಡನೆ ಒಂದಕ್ಕೆ, ಅರಾಮಿಸನೊಡನೆ ಎರಡಕ್ಕೆ ದ್ವಂದ್ವಯುದ್ಧ ಗೊತ್ತಾಗುತ್ತದೆ, ನಮ್ಮ ಶಾಲೆಯ ವೇಳಾಪಟ್ಟಿಯ ಹಾಗೆ. ಪೋರ್ತೋಸನ ಸಿಟ್ಟಿಗೆ ಕಾರಣವಾದರೂ ಏನು? ಓಡುತ್ತ ಬಂದ ಹುಡುಗ ಅವನ ನಿಲುವಂಗಿಯೊಳಗೆ ಸಿಕ್ಕಿಕೊಂಡು ಗುಟ್ಟು ಕಂಡುಬಿಟ್ಟ: ಎದೆಯ ಮೇಲೆ ಥಳಥಳಿಸುವ ಚಿನ್ನದ ಕಸೂತಿಯ ಕತ್ತಿಪಟ್ಟಿ ಬೆನ್ನ ಕಡೆಗೆ ಬರಿಯ ತೊಗಲು! ಈ ನಗೆ ಲೆಸ್ಟರನದಲ್ಲ, ಡೂಮಾನದೇ.

ಲೆಸ್ಟರ್ ಮಾಡಿದ್ದು, ಆ ತೊಗಲಿನ ಕಡೆಯನ್ನು ನಮಗೆ ತಿರುಗಿಸಿ ತೋರಿಸಿದ್ದು. 1948ರ ಚಿತ್ರದಲ್ಲಿ ನರ್ತಕ ಜೀನ್ ಕೆಲಿ ನಾಯಕ. ಅಲ್ಲಿ ಕತ್ತಿವರಸೆಯೂ ಕುಣಿತವೇ. ಇಲ್ಲಿಯಾದರೋ ಭಟರು ಏದುಸಿರು ಬಿಡುತ್ತಾರೆ, ಒದೆಯುತ್ತಾರೆ, ಜಾರಿ ಬೀಳುತ್ತಾರೆ. (ಹೆಸರಿಗೆ ಬಂದೂಕಿನ ಭಟರು, ಕೈಯಲ್ಲಿ ಮಾತ್ರ ಸದಾ ಕತ್ತಿ!) ಕೈಯಲ್ಲಿ ಕಾಸಿಲ್ಲದಾಗ ಹೋಟೆಲೊಂದರಲ್ಲಿ ಸುಳ್ಳುಜಗಳ ಹೂಡಿ, ಕತ್ತಿಯ ಮೊನೆಯಿಂದಲೇ ಊಟವನ್ನು ಎಗರಿಸುತ್ತಾರೆ. ರಾತ್ರಿಯ ಒಂದು ಕಾಳಗವಂತೂ ಲಾಂದ್ರಗಳ ಬೆಳಕಿನಲ್ಲಿಯೇ ನಡೆಯುತ್ತದೆ. ಅಲ್ಲಿ ನಗುತ್ತ ನಗುತ್ತಲೇ ಎದೆ ಡವಗುಟ್ಟುತ್ತದೆ.

ಆದರೆ ಒಂದು ತೊಡಕುಂಟು. ಒಂದೇ ಚಿತ್ರವೆಂದು ಒಪ್ಪಿ ನಟರು ಅಭಿನಯಿಸಿದ್ದನ್ನು ನಿರ್ಮಾಪಕರು ಎರಡಾಗಿ ಕತ್ತರಿಸಿ, ಎರಡನೆಯದನ್ನು 'ಫೋರ್ ಮಸ್ಕಿಟಿಯರ್ಸ್' ಎಂದು 1974ರಲ್ಲಿ ಬಿಡುಗಡೆ ಮಾಡಿದರು. ನಟರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅವರ ಹಣದ ಮಾತು ಹಾಗಿರಲಿ, ನಷ್ಟ ನಮಗೂ ಆಯಿತು. ರಾಣಿಯ ವಜ್ರಗಳು ಮರಳಿ ಬಂದು ಮೊದಲ ಭಾಗ ಸಂತೋಷದಲ್ಲಿ ಮುಗಿಯುತ್ತದೆ. ಅದನ್ನಷ್ಟೇ ನೋಡಿ ಎದ್ದವರು ಇದು ಬರಿಯ ನಗೆನಾಟಕ ಎಂದುಕೊಳ್ಳುತ್ತಾರೆ. ಅಲ್ಲಿ ಎಡವುತ್ತ ಮುಗ್ಗರಿಸುತ್ತ ನಮ್ಮನ್ನು ನಗಿಸುವ ಕಾನ್‌ಸ್ಟಾನ್ಸ್, ರಾಕೆಲ್ ವೆಲ್ಚ್ ವಹಿಸಿದ ಪಾತ್ರ, ಎರಡನೆಯ ಭಾಗದಲ್ಲಿ ಮಿಲೇಡಿಯ ಕೈಯಲ್ಲಿ ಸಾಯುತ್ತಾಳೆ. ನಾಯಕ ತಡವಾಗಿ ಬಂದು ಮುಟ್ಟುತ್ತಾನೆ. ಕರುಣಕ್ಕೆ ರೌದ್ರವೇ ಮೂಲವೆಂದು ಭರತಮುನಿ ಹೇಳಿದ್ದಾನೆ. ಇಲ್ಲಿ ಹಾಸ್ಯವೂ ಅದಕ್ಕೆ ಹಾದಿ ಮಾಡಿಕೊಡುತ್ತದೆ. ಅಷ್ಟು ನಕ್ಕಿರದಿದ್ದರೆ ಆ ಸಾವು ನಮ್ಮನ್ನು ಅಷ್ಟು ಕಲಕುತ್ತಿರಲಿಲ್ಲ.

ಆದ್ದರಿಂದ ನೋಡುವುದಾದರೆ ಎರಡನ್ನೂ ಒಂದೇ ದಿನ ನೋಡಿ. ನಡುವೆ ಬೇಕಾದರೆ ಊಟಕ್ಕೆ ಏಳಬಹುದು.