ಮೊದಲು ತರಬೇತಿ, ಆಮೇಲೆ ಪರೀಕ್ಷೆ



ಕೇರಳದ ಶಾಲೆಗಳ ಅರಬ್ಬಿ ಉಪಾಧ್ಯಾಯರ ಪ್ರಶ್ನೆಯನ್ನು ನಾವು ಬರಿಯ ಮತದ ಪ್ರಶ್ನೆಯೆಂದು ತಳ್ಳಿಹಾಕುವುದಿಲ್ಲ. ಅದು ದುಡಿಯುವವರ ಪ್ರಶ್ನೆ. ವಕ್ಕಂ ಮೌಲವಿಯವರು (1873–1932) ತಿರುವಾಂಕೂರಿನಲ್ಲಿ ಅರಬ್ಬಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಸಿದರು. 1980ರಲ್ಲಿ ನಾಯನಾರ್ ಸರ್ಕಾರ ಆ ಉಪಾಧ್ಯಾಯರ ನೇಮಕಕ್ಕೆ ಅರ್ಹತೆಯ ಹೊಸ ಷರತ್ತು ಹಾಕಿತು. ವಿರೋಧ ಎದ್ದಿತು. ಜುಲೈ 30ರಂದು ಮಲಪ್ಪುರದಲ್ಲಿ ಪೊಲೀಸರ ಗುಂಡಿಗೆ ಮೂವರು ತರುಣರು ಬಲಿಯಾದರು. ಕಡೆಗೆ ಷರತ್ತನ್ನು ಹಿಂದೆಗೆದುಕೊಳ್ಳಬೇಕಾಯಿತು.

ಅರ್ಹತೆಯೇ ಬೇಡವೆಂದು ನಾವು ಹೇಳುವುದಿಲ್ಲ. ಸ್ವರಚಿಹ್ನೆಗಳಿರುವ ಕುರಾನನ್ನು ಸರಾಗವಾಗಿ ಓದುವ ಮಗು, ಚಿಹ್ನೆಗಳಿಲ್ಲದ ಅರಬ್ಬಿ ಪತ್ರಿಕೆಯ ಮುಂದೆ ತಡವರಿಸುತ್ತದೆ. ಬಾಯಿಪಾಠದಿಂದ ಅರ್ಥಕ್ಕೆ ದಾಟಿಸುವುದು ಕಲಿತು ಬರಬೇಕಾದ ಕಸುಬು. ಸಂಬಳ ಸಹಿತ ರಜೆ ಕೊಟ್ಟು ಸರ್ಕಾರವೇ ಅದನ್ನು ಕಲಿಸಲಿ, ಆಮೇಲೆ ಪರೀಕ್ಷಿಸಲಿ. ತರಬೇತಿ ಕೊಡದೆ ಅರ್ಹತೆ ಕೇಳುವುದೆಂದರೆ ಬಡ ಉಪಾಧ್ಯಾಯನ ಅನ್ನ ಕಸಿಯುವುದೇ ಸರಿ.